ಮೆಣಸಿನ ನೀರಿನಲ್ಲಿ ಕಂಡದ್ದು

ಕನ್ನಡ ಮಾಧ್ಯಮದಲ್ಲಿ ಓದಿ ಬಿ.ಎಸ್ಸಿ. ಸೇರಿರುವ ನೀನು, ಇಂಗ್ಲಿಷ್ ತಡವರಿಸುತ್ತದೆಂದು ಲ್ಯಾಬಿನಲ್ಲಿ ಬಾಯಿಯೇ ಬಿಡುವುದಿಲ್ಲವಂತೆ. ಕೇಳಿ ಸಂಕಟವಾಯಿತು ಮಗಳೇ. ನಿನಗೆ ಲೇವನ್‌ಹುಕ್‌ನ ವಿಷಯ ಹೇಳಲೇಬೇಕು.

ಅವನು 1632ರಲ್ಲಿ ಹಾಲೆಂಡಿನ ಡೆಲ್ಫ್ಟ್ ಊರಿನಲ್ಲಿ ಹುಟ್ಟಿದವನು. ಬಟ್ಟೆ ವ್ಯಾಪಾರಿ. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವನಲ್ಲ. ಅಂದಿನ ಪಂಡಿತರ ಭಾಷೆ ಲ್ಯಾಟಿನ್ ಅವನಿಗೆ ಬರುತ್ತಿರಲಿಲ್ಲ. ಗೊತ್ತಿದ್ದದ್ದು ತಾಯಿನುಡಿ ಡಚ್ ಮಾತ್ರ. ಆದರೆ ಕಣ್ಣಿತ್ತು, ಕೈಗೆ ಹದವಿತ್ತು. ಪುಟ್ಟ ಮಸೂರಗಳನ್ನು ತಾನೇ ತಯಾರಿಸಿ, ಲೋಹದ ತಗಡುಗಳ ನಡುವೆ ಕೂರಿಸಿ ನೋಡುತ್ತಿದ್ದ. ಇಂದಿಗೂ ಉಳಿದಿರುವ ಅವನ ಸೂಕ್ಷ್ಮದರ್ಶಕಗಳಲ್ಲಿ ಒಂದು ವಸ್ತುವನ್ನು ಸುಮಾರು 270 ಪಟ್ಟು ಹಿಗ್ಗಿಸಿ ತೋರಿಸುತ್ತದೆ.

ಕಾಳುಮೆಣಸು ಯಾಕೆ ಖಾರ? 1676ರಲ್ಲಿ ಅವನನ್ನು ಕಾಡಿದ್ದು ಅಡುಗೆಮನೆಯ ಈ ಪ್ರಶ್ನೆ. ಮೆಣಸನ್ನು ನೀರಿನಲ್ಲಿ ವಾರಗಟ್ಟಲೆ ನೆನೆಹಾಕಿ ಒಂದು ಹನಿ ತೆಗೆದು ನೋಡಿದ. ಖಾರದ ಗುಟ್ಟು ಸಿಗಲಿಲ್ಲ. ಹನಿಯ ತುಂಬ ಜೀವಿಗಳು ಓಡಾಡುತ್ತಿದ್ದವು! ಅವುಗಳಲ್ಲಿ ತೀರ ಸಣ್ಣವು ನಾವಿಂದು ಬ್ಯಾಕ್ಟೀರಿಯ ಎನ್ನುವಂಥವು. ಅದೇ ವರ್ಷ ಅಕ್ಟೋಬರ್ 9ರಂದು ಲಂಡನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಗೆ ಉದ್ದದ ಪತ್ರ ಬರೆದ, ಡಚ್‌ನಲ್ಲೇ. ಕಂಡ ಜೀವಿಗಳ ಗಾತ್ರವನ್ನು ಮರಳಿನ ಕಣಕ್ಕೆ ಹೋಲಿಸಿ ಹೇಳಿದ. ಕಾರ್ಯದರ್ಶಿ ಓಲ್ಡೆನ್‌ಬರ್ಗ್ ಇಂಗ್ಲಿಷಿಗೆ ತಂದು ಅಚ್ಚು ಹಾಕಿಸಿದ.

ನಂಬದವರೇ ಹೆಚ್ಚು. ಅವನು ವಾದಕ್ಕಿಳಿಯಲಿಲ್ಲ, ಊರಿನ ಪಾದ್ರಿಗಳೂ ಸೇರಿ ಎಂಟು ಮಂದಿಗೆ ತೋರಿಸಿ, ಅವರ ಸಾಕ್ಷಿಪತ್ರ ಕಳಿಸಿದ. 1677ರ ನವೆಂಬರಿನಲ್ಲಿ ವಿಜ್ಞಾನಿ ರಾಬರ್ಟ್ ಹುಕ್ ಸೊಸೈಟಿಯ ಸದಸ್ಯರೆದುರೇ ಆ ಜೀವಿಗಳನ್ನು ತೋರಿಸಿದ. 1680ರಲ್ಲಿ ಈ ಬಟ್ಟೆ ವ್ಯಾಪಾರಿ ಸೊಸೈಟಿಯ ಫೆಲೋ ಆದ. 1723ರಲ್ಲಿ, ತೊಂಬತ್ತರ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ನೋಡಿದ, ಬರೆದ.

ಅವನ ಒಂದು ಗುಣ ಮಾತ್ರ ನನಗೆ ಒಪ್ಪಿಗೆಯಿಲ್ಲ. ಅತ್ಯುತ್ತಮ ಮಸೂರಗಳ, ನೋಡುವ ವಿಧಾನದ ಗುಟ್ಟನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಅವನು ಕಂಡಷ್ಟು ಸ್ಪಷ್ಟವಾಗಿ ಕಾಣಲು ಉಳಿದವರಿಗೆ ಬಹುಕಾಲ ಹಿಡಿಯಿತು. ನೀನು ಹಾಗೆ ಮಾಡಬೇಡ.

ಇಂಗ್ಲಿಷ್ ಕಲಿ, ಬೇಡ ಎನ್ನುವುದಿಲ್ಲ. ಅವನಿಗೊಬ್ಬ ಓಲ್ಡೆನ್‌ಬರ್ಗ್ ಸಿಕ್ಕ, ಎಲ್ಲರಿಗೂ ಸಿಗುವುದಿಲ್ಲ. ಆದರೆ ಅದು ಬರುವವರೆಗೆ ನಿನ್ನ ಪ್ರಶ್ನೆಯನ್ನು ಕಾಯಿಸಬೇಡ. ನಾಳೆಯ ಪ್ರಾಕ್ಟಿಕಲ್‌ನಲ್ಲಿ ಕಂಡದ್ದನ್ನು ಮೊದಲು ಕನ್ನಡದಲ್ಲೇ ಬರೆದುಕೋ. ಕಂಡದ್ದು ಯಾವುದು, ಊಹೆ ಯಾವುದು ಎಂದು ಬೇರೆ ಬೇರೆ ಗುರುತು ಮಾಡು. ಪಕ್ಕದವಳನ್ನೂ ಕರೆದು ತೋರಿಸು. ಅವಳಿಗೆ ಬೇರೇನಾದರೂ ಕಂಡರೆ ಅದನ್ನೂ ಬರೆದುಕೊಂಡು ಮೇಷ್ಟ್ರ ಹತ್ತಿರ ಹೋಗು.