ಬಯಲುಸೀಮೆಯ ತರಗತಿಯಲ್ಲಿ ಚಂಡಮಾರುತದ ಪಾಠ

ಹತ್ತನೆಯ ತರಗತಿಯ ಸಮಾಜ ವಿಜ್ಞಾನದಲ್ಲಿ ನೈಸರ್ಗಿಕ ವಿಪತ್ತುಗಳ ಘಟಕವನ್ನು ಬೋಧನಾಭ್ಯಾಸಕ್ಕೆ ಆರಿಸಿಕೊಳ್ಳುವ ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಚಂಡಮಾರುತದ ಅರ್ಥ, ಕಾರಣ, ಪರಿಣಾಮಗಳನ್ನು ಕಪ್ಪುಹಲಗೆಯ ಮೇಲೆ ಬರೆದು ಪಾಠ ಮುಗಿಸುತ್ತಾರೆ. ಹಿರಿಯೂರು, ಹೊಳಲ್ಕೆರೆಯ ಮಕ್ಕಳಿಗೆ ಕಡಲು ದೂರ. ಅವರು ಅದನ್ನು ಬೇರೆಯವರ ಕಷ್ಟವೆಂದು ಬರೆದುಕೊಂಡು ಮರೆಯುತ್ತಾರೆ. ಇದೇ ಪಾಠವನ್ನು ಎರಡು ಅವಧಿಗಳಲ್ಲಿ ಹೀಗೆ ಕಟ್ಟಬಹುದು.

ಕಲಿಕಾ ಫಲ: ಚಂಡಮಾರುತದ ಹಾನಿಯನ್ನು ಗಾಳಿ ಮಳೆಗಳ ಬಲದ ಜೊತೆಗೆ ಜನರ ಸ್ಥಿತಿಗತಿ ಮತ್ತು ಮುನ್ಸಿದ್ಧತೆಯೂ ನಿರ್ಧರಿಸುತ್ತವೆ ಎಂಬುದನ್ನು ವಿದ್ಯಾರ್ಥಿಗಳು ಉದಾಹರಣೆ ಸಹಿತ ವಿವರಿಸುವರು.

ತೊಡಗಿಸಿಕೊಳ್ಳುವಿಕೆ: "ನವೆಂಬರ್‌ನಲ್ಲಿ ಮೂರು ದಿನ ಬಿಡದೆ ಜಿಟಿಜಿಟಿ ಮಳೆ ಹಿಡಿದರೆ ಮನೆಯಲ್ಲಿ ಏನಂತಾರೆ?" ಎಂದು ಕೇಳಿ. "ಸೈಕ್ಲೋನ್ ಮಳೆ" ಎಂಬ ಉತ್ತರ ಬಂದಾಗ ಭೂಪಟ ತೆರೆಯಿರಿ. 2024ರ ನವೆಂಬರ್ 30ರಂದು ಫೆಂಗಲ್ ಚಂಡಮಾರುತ ಪುದುಚೇರಿ ಬಳಿ ದಡ ದಾಟಿತು. ಅದು ದುರ್ಬಲಗೊಂಡು ಒಳನಾಡಿಗೆ ಸರಿದ ಮೇಲೂ ಕೃಷ್ಣಗಿರಿ ಜಿಲ್ಲೆಯ ಊತ್ತಂಗರೈಯಲ್ಲಿ 24 ಗಂಟೆಗಳಲ್ಲಿ ಸುಮಾರು 50 ಸೆಂ.ಮೀ. ಮಳೆ ಸುರಿಯಿತು. ನಮ್ಮ ಜಿಲ್ಲೆಯಲ್ಲಿ ಇಡೀ ವರ್ಷ ಬೀಳುವುದೇ 60 ಸೆಂ.ಮೀ. ಆಸುಪಾಸು. ಕಡಲು ದೂರವಿದ್ದರೂ ಚಂಡಮಾರುತ ದೂರವಲ್ಲ ಎಂಬುದು ಇಲ್ಲಿ ಮಕ್ಕಳಿಗೆ ತಾನಾಗಿ ಹೊಳೆಯುತ್ತದೆ.

ಪರಿಶೋಧನೆ: ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಸುಮಾರು ಅರ್ಧ ಭಾಗ ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿದೆ. 2005ರ ಆಗಸ್ಟ್ 28ರಂದು ಎಲ್ಲರೂ ಊರು ಬಿಡಬೇಕೆಂದು ಆದೇಶವಾಯಿತು. ಮರುದಿನವೇ ಕತ್ರಿನಾ ಅಪ್ಪಳಿಸಿತು. ತಡೆಗೋಡೆಗಳು ಒಡೆದು ನಗರದ ಸುಮಾರು ಶೇ. 80 ಭಾಗ ಮುಳುಗಿತು. ಈ ಹಂತದಲ್ಲಿ ಗುಂಪುಗಳಿಗೆ ಮೂರು ಚೀಟಿ ಕೊಡಿ: ಕಾರು ಇರುವ ಕುಟುಂಬ, ದಿನಗೂಲಿಯ ಕುಟುಂಬ, ಹಾಸಿಗೆ ಹಿಡಿದ ಅಜ್ಜಿ ಇರುವ ಕುಟುಂಬ. "ನಾಳೆಯೊಳಗೆ ಊರು ಬಿಡಬೇಕು. ನಿಮಗೆ ಏನೇನು ಬೇಕು?" ಎಂದು ಕೇಳಿ. ಪಟ್ಟಿಗಳನ್ನು ಹೋಲಿಸಿದ ನಂತರವೇ ನಡೆದದ್ದನ್ನು ಹೇಳಿ. ವಾಹನವಿಲ್ಲದ ಸಾವಿರಾರು ಜನ ನಗರದಲ್ಲೇ ಉಳಿದರು. ಆ ರಾಜ್ಯದಲ್ಲಿ ಸತ್ತವರಲ್ಲಿ ಸುಮಾರು ಅರ್ಧದಷ್ಟು ಮಂದಿ 75 ದಾಟಿದವರು. 2000ದ ಜನಗಣತಿಯಲ್ಲಿ 4,84,674 ಇದ್ದ ಜನಸಂಖ್ಯೆ 2010ಕ್ಕೆ 3,43,829ಕ್ಕೆ ಇಳಿದಿತ್ತು.

ವಿವರಿಸುವಿಕೆ: ಒಡಿಶಾದ ಎರಡು ವರ್ಷಗಳನ್ನು ಅಕ್ಕಪಕ್ಕ ಬರೆಯಿರಿ. 1999ರ ಮಹಾ ಚಂಡಮಾರುತಕ್ಕೆ ಸುಮಾರು 10,000 ಜನ ಬಲಿಯಾದರು. 2019ರಲ್ಲಿ ಫನಿ ಬರುವ ಮುನ್ನ ಸುಮಾರು 12 ಲಕ್ಷ ಜನರನ್ನು ಸುರಕ್ಷಿತ ಸ್ಥಳಗಳಿಗೆ ಸಾಗಿಸಲಾಯಿತು. ಅಲ್ಲಿ ಸತ್ತವರು 64. ಎರಡೂ ಚಂಡಮಾರುತಗಳ ಬಲ ಒಂದೇ ಆಗಿರಲಿಲ್ಲ, ಅದನ್ನೂ ಹೇಳಿ. ಆದರೆ ಇಷ್ಟು ದೊಡ್ಡ ಅಂತರಕ್ಕೆ ಮುನ್ಸೂಚನೆ, ಆಶ್ರಯ ಕಟ್ಟಡ ಮತ್ತು ವಾಹನ ವ್ಯವಸ್ಥೆಯೂ ಕಾರಣ ಎಂಬುದನ್ನು ಮಕ್ಕಳ ಬಾಯಿಂದಲೇ ಹೊರಡಿಸಿ.

ವಿಸ್ತರಿಸುವಿಕೆ: 2022ರ ಸೆಪ್ಟೆಂಬರ್‌ನಲ್ಲಿ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಬಾರಿಗೆ ಕೋಡಿ ಬಿತ್ತು. ಅದು ಮುಂಗಾರಿನ ನೀರು, ಚಂಡಮಾರುತದ್ದಲ್ಲ. ಕೋಡಿ ನೋಡಲು ಹಿರಿಯೂರಿನತ್ತ ಜನ ಹರಿದುಬಂದರು. ಹೊಸದುರ್ಗದ ಕಡೆ ಹಿನ್ನೀರಿನಲ್ಲಿ ತೋಟ, ಹೊಲಗಳು ಮುಳುಗಿದವು. ನೀರು ಒಂದೇ ಆದರೂ ಪರಿಣಾಮ ಎಲ್ಲರಿಗೂ ಒಂದೇ ಅಲ್ಲ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಎಚ್ಚರಿಕೆ: ಮಳೆಗೆ ಗೋಡೆ ಕುಸಿದ ಮನೆಯ ಮಗುವೊಂದು ನಿಮ್ಮ ತರಗತಿಯಲ್ಲೇ ಕುಳಿತಿರಬಹುದು. "ನಿಮ್ಮನೇಲಿ ಏನಾಯ್ತು ಹೇಳಮ್ಮ" ಎಂದು ಎದ್ದು ನಿಲ್ಲಿಸಬೇಡಿ. ತಾನಾಗಿ ಹೇಳಿದರೆ ಪೂರ್ತಿ ಕೇಳಿ. ಪಾಠಯೋಜನೆಯ ಸಮಯ ಮೀರಿದರೂ ಚಿಂತೆಯಿಲ್ಲ. ಮಗುವಿನ ನೋವು ಬೋಧನೋಪಕರಣವಲ್ಲ.

ಮೌಲ್ಯಮಾಪನ: "ಚಂಡಮಾರುತದ ನಾಲ್ಕು ಪರಿಣಾಮಗಳನ್ನು ಪಟ್ಟಿ ಮಾಡಿ" ಎಂಬ ಪ್ರಶ್ನೆಗೆ ಬಾಯಿಪಾಠದ ಉತ್ತರ ಸಾಕು. ಬದಲಿಗೆ ಹೀಗೆ ಕೇಳಿ: "ನಾಳೆ ಭಾರೀ ಮಳೆಯೆಂಬ ಮುನ್ಸೂಚನೆ ಬಂದಿದೆ. ನಿಮ್ಮ ಬೀದಿಯಲ್ಲಿ ಮೊದಲು ಯಾರ ಮನೆಗೆ ಹೋಗಿ ತಿಳಿಸುವಿರಿ? ಏಕೆ?" ಪಾಠ ವೀಕ್ಷಿಸುವ ಮಾರ್ಗದರ್ಶಕರು ಆ "ಏಕೆ"ಗೆ ಬರುವ ಉತ್ತರವನ್ನು ಗಮನಿಸಲಿ. ಒಂಟಿಯಾಗಿರುವ ಅಜ್ಜಿ, ಮಣ್ಣಿನ ಗೋಡೆಯ ಮನೆ, ಹಳ್ಳದ ಪಕ್ಕದ ಗುಡಿಸಲು ಮಕ್ಕಳ ಉತ್ತರದಲ್ಲಿ ಬಂದರೆ ಪಾಠ ತಲುಪಿದೆ ಎಂದರ್ಥ.