ಫೈಲು ಕೋಣೆಯಲ್ಲ: ಒಂದು ಮರುಬೋಧನೆಯ ಅನುಭವ

ಬೋಧನಾಭ್ಯಾಸದ ಮೂರನೆಯ ವಾರ ನಾನು ಆರಿಸಿಕೊಂಡ ಪಾಠಾಂಶ, ಹಲವು ವೆಬ್ ಪುಟಗಳಿಗೆ ಒಂದೇ ಹೆಡರ್ ಫೈಲನ್ನು ಪಿಎಚ್‌ಪಿಯ ಇನ್‌ಕ್ಲೂಡ್ ಮೂಲಕ ಸೇರಿಸುವುದು. ಪೀಠಿಕೆ ಸುಲಭವಾಗಿ ಸಾಗಿತು. ಮಕ್ಕಳು ಮೊದಲೇ ಮಾಡಿದ್ದ ಶಾಲೆಯ ಐದು ಪುಟಗಳ ಮೆನುವಿಗೆ 'ಗ್ರಂಥಾಲಯ' ಎಂಬ ಕೊಂಡಿ ಸೇರಿಸಲು ಹೇಳಿದೆ. ಐದೂ ಕಡೆ ತಿದ್ದಬೇಕಾಯಿತು. ಇಬ್ಬರು ಒಂದೊಂದು ಪುಟ ಮರೆತರು. ಹಂಚಿಕೆಯ ಫೈಲು ಏಕೆ ಬೇಕೆಂದು ನಾನು ಹೇಳಬೇಕಾಗಲೇ ಇಲ್ಲ.

ಎಡವಿದ್ದು ಮುಂದಿನ ಹಂತದಲ್ಲಿ. ವೇರಿಯಬಲ್‌ನ ವ್ಯಾಪ್ತಿಯನ್ನು ವಿವರಿಸಲು ಪಾಠಯೋಜನೆಯಲ್ಲಿ ಒಂದು ಹೋಲಿಕೆ ಬರೆದುಕೊಂಡಿದ್ದೆ: ಪ್ರತಿ ಫೈಲೂ ಒಂದು ಕೋಣೆ, ಒಂದರ ಸಾಮಾನು ಇನ್ನೊಂದಕ್ಕೆ ಕಾಣದು. ಮುಖಪುಟದಲ್ಲಿ $ಶೀರ್ಷಿಕೆ ಎಂಬ ವೇರಿಯಬಲ್‌ಗೆ 'ನಮ್ಮ ಶಾಲೆ' ಎಂಬ ಬೆಲೆ ಕೊಟ್ಟೆ. (ಪಿಎಚ್‌ಪಿಯಲ್ಲಿ ಕನ್ನಡದ ಹೆಸರೂ ನಡೆಯುತ್ತದೆ, ಮಕ್ಕಳಿಗೆ ಅದೇ ಒಂದು ಖುಷಿ.) ಅದರ ಕೆಳಗಿನ ಸಾಲಿನಲ್ಲಿ ಹೆಡರ್ ಸೇರಿಸಿದೆ. ಹೆಡರ್ ಫೈಲು ಆ ಶೀರ್ಷಿಕೆಯನ್ನು ಸಲೀಸಾಗಿ ತೋರಿಸಿಬಿಟ್ಟಿತು.

"ಸರ್, ಅದು ಬೇರೆ ಕೋಣೆ ಅಲ್ವಾ? ಹೇಗೆ ಕಾಣ್ತು?" ಎಂದು ಹಿಂದಿನ ಬೆಂಚಿನ ಹುಡುಗಿ ಕೇಳಿದಳು. "ಇನ್‌ಕ್ಲೂಡ್ ಮಾಡಿದರೆ ಹಾಗೆಯೇ" ಎಂದು ದಾಟಿಸಿದೆ. ವೀಕ್ಷಣಾ ಪುಸ್ತಕದಲ್ಲಿ ಮಾರ್ಗದರ್ಶಕರು ಆ ಉತ್ತರವನ್ನು ಬರೆದು ಅದರಡಿ ಗೆರೆ ಎಳೆದಿದ್ದರು, ಅಷ್ಟೆ.

ತಪ್ಪು ಹೋಲಿಕೆಯದೇ. ಪಿಎಚ್‌ಪಿಯಲ್ಲಿ ವೇರಿಯಬಲ್‌ಗೆ ಗೋಡೆ ಕಟ್ಟುವುದು ಫೈಲಲ್ಲ, ಫಂಕ್ಷನ್. ಸೇರಿಸಿದ ಫೈಲಿಗೆ, ಇನ್‌ಕ್ಲೂಡ್ ಬರೆದ ಸಾಲಿನಲ್ಲಿ ಏನೇನು ಕಾಣುತ್ತದೋ ಅದೆಲ್ಲ ಕಾಣುತ್ತದೆ.

ಎರಡು ದಿನದ ಮೇಲೆ ಮತ್ತೆ ಪಾಠ ಮಾಡಿದೆ, ಈ ಸಲ ಕಾಗದದಲ್ಲಿ. ಪುಟದ ಕೋಡನ್ನು ಚಾರ್ಟಿನಲ್ಲಿ ಬರೆದು, ಹೆಡರ್‌ನ ಕೋಡಿದ್ದ ಚೀಟಿಯನ್ನು ಇನ್‌ಕ್ಲೂಡ್ ಸಾಲಿನ ಮೇಲೆ ಅಂಟಿಸಲು ಹೇಳಿದೆ. ಒಬ್ಬ ಅದನ್ನು $ಶೀರ್ಷಿಕೆಗಿಂತ ಮೇಲೆ ಅಂಟಿಸಿದ. ಬೈಯದೆ ಹಾಗೆಯೇ ಓಡಿಸಿದೆವು: ಶೀರ್ಷಿಕೆಯ ಜಾಗ ಖಾಲಿ, ಜೊತೆಗೆ ಎಚ್ಚರಿಕೆ. ಸಾಲುಗಳ ಕ್ರಮದ ಬಗ್ಗೆ ನಾನು ಬರೆದುಕೊಂಡಿದ್ದ ಐದು ನಿಮಿಷದ ವಿವರಣೆ ಬೇಡವಾಯಿತು.

ಬಳಿಕ ಇನ್‌ಕ್ಲೂಡ್ ಸಾಲನ್ನು ಒಂದು ಫಂಕ್ಷನ್‌ನ ಒಳಗಿಟ್ಟು, $ಶೀರ್ಷಿಕೆಯನ್ನು ಹೊರಗೇ ಬಿಟ್ಟು, ಏನಾಗಬಹುದೆಂದು ಬರೆಯಿಸಿದೆ. ಬಹುತೇಕರು 'ಕಾಣುತ್ತದೆ' ಎಂದರು. ಕಾಣಲಿಲ್ಲ. ಚೀಟಿ ಈಗ ಫಂಕ್ಷನ್‌ನ ಗೋಡೆಯೊಳಗೆ ಅಂಟಿದೆ ಎಂದು ಆ ಹುಡುಗಿಯೇ ಚಾರ್ಟಿನ ಮುಂದೆ ಬಂದು ತೋರಿಸಿದಳು. ಪರಿಹಾರವಾಗಿ ಶೀರ್ಷಿಕೆಯನ್ನು ಫಂಕ್ಷನ್‌ಗೆ ಪ್ಯಾರಾಮೀಟರ್ ಆಗಿ ಕಳುಹಿಸಿದೆವು. ಗ್ಲೋಬಲ್ ಎಂಬ ಪದವನ್ನು ಬೇಕೆಂದೇ ಆ ದಿನ ಹೇಳಲಿಲ್ಲ. ಒಮ್ಮೆ ಹೇಳಿದರೆ ಮಕ್ಕಳು ಎಲ್ಲ ಕಡೆ ಅದನ್ನೇ ಬಳಸುತ್ತಾರೆ.

ಈ ಪಾಠ ಮಾಡುವವರು ಲ್ಯಾಬಿನ ಪಿಎಚ್‌ಪಿ ಆವೃತ್ತಿಯನ್ನು ಮೊದಲೇ ನೋಡಿಕೊಳ್ಳಿ. ಬೆಲೆಯಿಲ್ಲದ ವೇರಿಯಬಲ್ ಬಳಸಿದರೆ 8ರಿಂದ ಈಚೆಗೆ ಎಚ್ಚರಿಕೆ ಬರುತ್ತದೆ, ಹಿಂದಿನವುಗಳಲ್ಲಿ ಬರೀ ಸೂಚನೆ. ದೋಷ ತೋರಿಸುವ ಸೆಟ್ಟಿಂಗ್ ಆಫ್ ಆಗಿದ್ದರೆ ಯಾವುದೂ ಕಾಣದೆ ಖಾಲಿ ಜಾಗವಷ್ಟೇ ಉಳಿಯುತ್ತದೆ.

ಚೀಟಿಯ ಹೋಲಿಕೆಗೂ ಮಿತಿಯಿದೆ. ಸೇರಿಸಿದ ಫೈಲಿನಲ್ಲಿ ಫಂಕ್ಷನ್ ಇದ್ದರೆ, ಇನ್‌ಕ್ಲೂಡ್ ಎಲ್ಲಿದ್ದರೂ ಅದು ಎಲ್ಲೆಡೆಗೂ ಸಿಗುತ್ತದೆ. ಅಂಥ ಫೈಲನ್ನು ಎರಡು ಬಾರಿ ಸೇರಿಸಿದರೆ ಪುಟವೇ ನಿಂತುಹೋಗುತ್ತದೆ. "ಒಂದೇ ಚೀಟೀನ ಎರಡು ಸಲ ಅಂಟಿಸಿದ್ರೆ?" ಎಂದು ಗಂಟೆ ಬಾರಿಸುವಾಗ ಯಾರೋ ಕೇಳಿದರು. ಮುಂದಿನ ಪಾಠಯೋಜನೆಯ ಪೀಠಿಕೆಗೆ ಆ ಪ್ರಶ್ನೆಯನ್ನೇ ಬರೆದುಕೊಂಡಿದ್ದೇನೆ.