ಪೋಕ್ಸೊ ಕಾಯಿದೆ: ನಾವೆಲ್ಲರೂ ಕಲಿಯಬೇಕಾದ ಪಾಠ



ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅಪ್ಪ ಅಮ್ಮ ಬೆಳಗಾಗುವ ಮುಂಚೆಯೇ ಮಾರಿಕುಪ್ಪಂನಲ್ಲೋ ಬಂಗಾರಪೇಟೆಯಲ್ಲೋ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ. 2001ರ ಫೆಬ್ರವರಿ 28ರಂದು ಕೆ.ಜಿ.ಎಫ್. ಚಿನ್ನದ ಗಣಿ ಮುಚ್ಚಿದ ಮೇಲೆ ಗಣಿ ಕೆಲಸ ನಂಬಿದ್ದವರಿಗೂ ಇದೇ ದಾರಿಯಾಯಿತು. ಅವರು ವಾಪಸು ಬರುವುದು ರಾತ್ರಿ. ಅಲ್ಲೀವರೆಗೂ ಮಕ್ಕಳನ್ನು ನೋಡಿಕೊಳ್ಳುವವರು ನೆರೆಹೊರೆಯವರು, ನೆಂಟರು. ಬಹಳ ಜನ ಒಳ್ಳೆಯವರೇ. ಆದರೆ ಅವರಲ್ಲಿ ಒಬ್ಬ ಕೆಟ್ಟವನಿದ್ದರೆ? ಅದಕ್ಕೇ ಈ ಪಾಠ.

ಹಿಂದೆ ಹೇಗಿತ್ತು?

1860ರ ಭಾರತೀಯ ದಂಡ ಸಂಹಿತೆಯಲ್ಲಿ ಅತ್ಯಾಚಾರದ ಕಲಮು ಹೆಣ್ಣಿಗೆ ಮಾತ್ರ ಇತ್ತು. ಗಂಡುಮಕ್ಕಳಿಗೆ ಆಗುವ ಕಿರುಕುಳಕ್ಕೆ ಸರಿಯಾದ ಕಲಮೇ ಇರಲಿಲ್ಲ. ಕೇಂದ್ರ ಸರ್ಕಾರ 13 ರಾಜ್ಯಗಳಲ್ಲಿ ಮಕ್ಕಳನ್ನು ಮಾತಾಡಿಸಿ 2007ರಲ್ಲಿ ವರದಿ ಹೊರತಂದಿತು. ನೂರಕ್ಕೆ 53 ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ಕಿರುಕುಳ ಅನುಭವಿಸಿದ್ದೇವೆ ಎಂದಿದ್ದರು. ಅವರಲ್ಲಿ ಹುಡುಗರೂ ಹುಡುಗಿಯರಷ್ಟೇ ಇದ್ದರು. ಹೆಚ್ಚಿನವರು ಯಾರಿಗೂ ಹೇಳಿರಲಿಲ್ಲ.

ಹೊಸ ಕಾಯಿದೆ ಏನು ಹೇಳುತ್ತದೆ?

2012ರಲ್ಲಿ ಸಂಸತ್ತು ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣಾ ಕಾಯಿದೆಯನ್ನು ಮಾಡಿತು. ಇದನ್ನೇ ಪೋಕ್ಸೊ ಎನ್ನುತ್ತಾರೆ. ಅದೇ ವರ್ಷ ನವೆಂಬರ್ 14ರ ಮಕ್ಕಳ ದಿನದಂದು ಜಾರಿಗೆ ಬಂತು.

1. 18 ವರ್ಷ ತುಂಬದ ಎಲ್ಲರೂ, ಹುಡುಗನಾಗಲಿ ಹುಡುಗಿಯಾಗಲಿ, ಮಕ್ಕಳೇ.

2. ಕೆಟ್ಟ ಉದ್ದೇಶದಿಂದ ಮುಟ್ಟುವುದು, ಹಿಂದೆ ಬಿದ್ದು ಕಾಡುವುದು, ಕೊಳಕು ಚಿತ್ರ ತೋರಿಸುವುದು, ಮಕ್ಕಳ ಅಂಥ ಚಿತ್ರ ತೆಗೆಯುವುದು, ಎಲ್ಲವೂ ಅಪರಾಧ.

3. ಮಗುವಿನ ಹೇಳಿಕೆಯನ್ನು ಮನೆಯಲ್ಲೇ ಅಥವಾ ಮಗು ಬಯಸಿದ ಜಾಗದಲ್ಲಿ ಬರೆದುಕೊಳ್ಳಬೇಕು. ಆದಷ್ಟೂ ಮಹಿಳಾ ಸಬ್ ಇನ್ಸ್‌ಪೆಕ್ಟರ್ ಬರಬೇಕು, ಖಾಕಿ ಹಾಕಿರಬಾರದು. ರಾತ್ರಿ ಹೊತ್ತು ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವ ಹಾಗಿಲ್ಲ.

4. ಮಗುವಿನ ಹೆಸರು, ಮನೆ, ಶಾಲೆ ಯಾವುದನ್ನೂ ಪತ್ರಿಕೆಯಲ್ಲಿ ಹಾಕಬಾರದು.

5. ವಿಶೇಷ ನ್ಯಾಯಾಲಯ ಆದಷ್ಟೂ ಒಂದು ವರ್ಷದೊಳಗೆ ವಿಚಾರಣೆ ಮುಗಿಸಬೇಕು. ಸಾಕ್ಷಿ ಹೇಳುವಾಗ ಆರೋಪಿ ಮಗುವಿನ ಕಣ್ಣಿಗೆ ಬೀಳಬಾರದು.

ಕಾಯಿದೆ ಹೇಗೆ ಬಿಗಿಯಾಯಿತು?

2019ರ ತಿದ್ದುಪಡಿಯಲ್ಲಿ ಶಿಕ್ಷೆ ಹೆಚ್ಚಿತು. 16 ವರ್ಷದೊಳಗಿನ ಮಗುವಿನ ಮೇಲೆ ಅತ್ಯಾಚಾರ ಮಾಡಿದವನಿಗೆ ಕನಿಷ್ಠ 20 ವರ್ಷ ಜೈಲು. ಅತಿ ಘೋರ ಪ್ರಕರಣಗಳಲ್ಲಿ ಮರಣದಂಡನೆಗೂ ಅವಕಾಶವಾಯಿತು. 2021ರ ಜನವರಿಯಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ, ಬಟ್ಟೆಯ ಮೇಲಿಂದ ಮುಟ್ಟಿದರೆ ಲೈಂಗಿಕ ಹಲ್ಲೆಯ ಕಲಮು ಅನ್ವಯಿಸದು ಎಂದಿತ್ತು. ಸುಪ್ರೀಂ ಕೋರ್ಟು ಅದೇ ವರ್ಷ ನವೆಂಬರ್ 18ರಂದು ಆ ತೀರ್ಪನ್ನು ರದ್ದು ಮಾಡಿತು. ಮುಟ್ಟಿದವನ ಉದ್ದೇಶವೇ ಮುಖ್ಯ, ಬಟ್ಟೆಯಲ್ಲ ಎಂದಿತು.

ಮರ್ಯಾದೆ ಯಾರದು ಹೋಗುವುದು?

"ಹೊರಗೆ ಹೇಳ್ಬೇಡ, ಮರ್ಯಾದೆ ಹೋಗ್ತದೆ" ಅಂತ ಊರಲ್ಲಿ ದೊಡ್ಡವರು ಹೇಳುವುದುಂಟು. ಕೆಲವು ಕಡೆ ಪಂಚಾಯ್ತಿ ಸೇರಿಸಿ ದುಡ್ಡು ಕೊಡಿಸಿ ಮುಗಿಸುತ್ತಾರೆ. ಆಗ ತಪ್ಪು ಮಾಡಿದವನು ಅದೇ ಬೀದಿಯಲ್ಲಿ ಎದೆಯುಬ್ಬಿಸಿ ಓಡಾಡುತ್ತಾನೆ, ಮಗು ತಲೆ ತಗ್ಗಿಸಿ ನಡೆಯುತ್ತದೆ. ಇದು ನ್ಯಾಯವೇ?

ಪೋಕ್ಸೊ ಇದಕ್ಕೆ ಒಪ್ಪುವುದಿಲ್ಲ. ವಿಷಯ ಗೊತ್ತಿದ್ದೂ ಪೊಲೀಸರಿಗೆ ತಿಳಿಸದ ದೊಡ್ಡವರಿಗೆ 6 ತಿಂಗಳವರೆಗೆ ಜೈಲಾಗಬಹುದು. ಸಂಸ್ಥೆಯ ಮುಖ್ಯಸ್ಥರು ಕೈಕೆಳಗಿನವರ ಅಪರಾಧ ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಹೇಳದೆ ಇದ್ದ ಮಗುವಿಗೆ ಮಾತ್ರ ಶಿಕ್ಷೆ ಇಲ್ಲ. ಹೆದರಿದ ಮಗುವಿನ ಬಾಯಿ ಬೇಗ ಬಾರದು ಎಂಬುದು ಕಾಯಿದೆಗೂ ಗೊತ್ತು. ಒಳ್ಳೆಯ ಮನಸ್ಸಿನಿಂದ ದೂರು ಕೊಟ್ಟವರ ಮೇಲೂ ಕೇಸು ಬರುವುದಿಲ್ಲ.

ನಾವೇನು ಮಾಡಬೇಕು?

ಬೇಡವೆನಿಸಿದರೆ ಜೋರಾಗಿ "ಬೇಡ" ಅನ್ನಿ. ಅಲ್ಲಿಂದ ಓಡಿ ಬನ್ನಿ. ಅಮ್ಮನಿಗೋ ಅಜ್ಜಿಗೋ ಟೀಚರಿಗೋ ಹೇಳಿ. ಒಬ್ಬರು ನಂಬದಿದ್ದರೆ ಇನ್ನೊಬ್ಬರಿಗೆ ಹೇಳಿ, ನಂಬುವವರು ಸಿಗುವ ತನಕ ಹೇಳಿ. ಮಕ್ಕಳ ಸಹಾಯವಾಣಿ 1098, ತುರ್ತು ಸಂಖ್ಯೆ 112. ಎರಡಕ್ಕೂ ದುಡ್ಡಿಲ್ಲ, ರಾತ್ರಿಯೂ ಎತ್ತುತ್ತಾರೆ. ಬಾಯಿ ಬಿಡಲು ಹೆದರಿಕೆಯಾದರೆ ಚೀಟಿಯಲ್ಲಿ ಬರೆದು ಕೊಡಿ. ಗೆಳತಿಯೋ ಗೆಳೆಯನೋ ನಿಮ್ಮ ಹತ್ತಿರ ಹೇಳಿಕೊಂಡರೆ ಆಡಿಕೊಂಡು ನಗಬೇಡಿ, ಜೊತೆಗೆ ಹೋಗಿ ದೊಡ್ಡವರಿಗೆ ತಿಳಿಸಿ.

ಗುರುಗಳಲ್ಲಿ ಒಂದು ಮನವಿ. ಮಗು ಹೇಳಲು ಬಂದಾಗ "ಸುಳ್ಳು ಹೇಳ್ಬೇಡ" ಎಂದು ಗದರಬೇಡಿ. ಎಷ್ಟೋ ದಿನ ಧೈರ್ಯ ಕೂಡಿಸಿಕೊಂಡು ಅದು ನಿಮ್ಮ ಬಾಗಿಲಿಗೆ ಬಂದಿರುತ್ತದೆ. ಕಾಯಿದೆ ಎಷ್ಟೇ ಬಿಗಿಯಿದ್ದರೂ ಮೊದಲು ಕೇಳುವ ಕಿವಿ ಬೇಕು.

ಓದಿ ಉತ್ತರಿಸಿ

1. ಪೋಕ್ಸೊ ಯಾವ ದಿನ ಜಾರಿಗೆ ಬಂತು?
2. ಹುಡುಗರಿಗೂ ಈ ಕಾಯಿದೆ ಅನ್ವಯಿಸುತ್ತದೆಯೇ?
3. ಮಕ್ಕಳ ಸಹಾಯವಾಣಿ ಸಂಖ್ಯೆ ಯಾವುದು? ನೋಡದೆ ಹೇಳಿ.
4. ನೀವು ನಂಬುವ ಮೂವರು ದೊಡ್ಡವರು ಯಾರು? ಇದನ್ನು ಯಾರಿಗೂ ತೋರಿಸಬೇಕಿಲ್ಲ, ಮನಸ್ಸಿನಲ್ಲೇ ಇಟ್ಟುಕೊಳ್ಳಿ.